ಇಂಗ್ಲಿಷ್ ಕಾರಿಗೆ ರಾಯದುರ್ಗದ ಮೀಸೆ

ಇಂಗ್ಲಿಷರ ಹಳೇ ಕಾರು ಒಳ್ಳೆಯದೋ, ಅಮೆರಿಕದವರ ಹಳೇ ಕಾರು ಒಳ್ಳೆಯದೋ? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬಲ್ಲ ಮನುಷ್ಯ ರಾಯದುರ್ಗದಲ್ಲಿ ಒಬ್ಬನೇ ಇದ್ದ. ಅದು ನಾನು. ಈಗ ಆ ಪ್ರಶ್ನೆಯನ್ನು ಯಾರಾದರೂ ನನ್ನ ಮುಂದೆ ಎತ್ತಿದರೆ ಚಹಾ ಕೂಡ ಕೊಡದೆ ಎಬ್ಬಿಸಿ ಕಳಿಸುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರು ಹೇಳುತ್ತಾರೆ. ಇರಲಿ. ಕಾರಣ ಹೇಳುತ್ತೇನೆ, ಕೇಳಿ ನೀವೂ ನಗುತ್ತೀರಿ, ನಗಿ. ಎಲ್ಲರೂ ನಕ್ಕಾಯಿತು, ನೀವೊಬ್ಬರು ಯಾಕೆ ಬಾಕಿ!

ನಮ್ಮ ಮಾವನವರು ಮಡಕಶಿರದಲ್ಲಿ ಹುಣಸೆಹಣ್ಣಿನ ವ್ಯಾಪಾರಿಯಾಗಿದ್ದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಎರಡು ಕಾರು. ಒಂದು ಇಂಗ್ಲೆಂಡಿನದು, ಬಳ್ಳಾರಿ ಕಡೆಯ ಯಾರೋ ದೊರೆ ಬಿಟ್ಟುಹೋದದ್ದು. ಇನ್ನೊಂದು ಅಮೆರಿಕದ್ದು, ಮದ್ರಾಸಿನ ಹರಾಜಿನಲ್ಲಿ ಕೂಗಿ ತಂದದ್ದು. ಮಾವನವರು ಹೋದ ಮೇಲೆ ಇಂಗ್ಲಿಷ್ ಕಾರು ಹಿರಿಯ ಮಗಳು ಗಿರಿಜೆಗೆ, ಅಂದರೆ ನನ್ನ ಹೆಂಡತಿಗೆ ಬಂತು. ಅಮೆರಿಕದ್ದು ಕಿರಿಯ ಮಗಳಿಗೆ, ಅಂದರೆ ನನ್ನ ಷಡ್ಡಕ ತಿಪ್ಪಣ್ಣನ ಮನೆಗೆ ಹೋಯಿತು. ಕಾರು ಮಾಡಿದ ಕಂಪನಿಗಳ ಹೆಸರು ನಾನು ಬರೆಯುವುದಿಲ್ಲ. ಅವರು ಒಳ್ಳೆಯ ಸಾಮಾನನ್ನೇ ಮಾಡಿದ್ದರು. ಕೆಟ್ಟದ್ದು ಸಾಮಾನಲ್ಲ, ಅಳಿಯ.

ಇಬ್ಬರು ಷಡ್ಡಕರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಜಗಳಕ್ಕೆ ಒಂದು ವಿಷಯ ಬೇಕು. ಬೇರೆ ಮನೆಗಳಲ್ಲಿ ಅದು ಎಲೆಕ್ಷನ್. ನಮ್ಮಲ್ಲಿ ಇಂಗ್ಲೆಂಡು ಮತ್ತು ಅಮೆರಿಕ. ನಾಮಕರಣವಿರಲಿ, ತಿಥಿಯಿರಲಿ, ಪಾಯಸ ಬರುವಷ್ಟರಲ್ಲಿ ನಾವಿಬ್ಬರೂ ಈ ಎರಡು ದೇಶಗಳ ರಾಯಭಾರಿಗಳಾಗಿರುತ್ತಿದ್ದೆವು.

ನನ್ನ ವಾದ ಬಹಳ ಶಾಸ್ತ್ರೋಕ್ತವಾಗಿತ್ತು. ಇಂಗ್ಲಿಷ್ ಕಾರು ಚಿಕ್ಕದು, ಆದರೆ ಮರ್ಯಾದಸ್ಥ. ನಮ್ಮ ಸಂದಿಯಲ್ಲಿ ತಿರುಗುತ್ತದೆ. ಸ್ಟೀರಿಂಗು ನಮ್ಮ ದೇಶದವರು ಕೂರುವ ಬಲಗಡೆಯೇ ಇದೆ. ಅದರ ಬಿಡಿಭಾಗ ಕೇಳಿದರೆ ಗುಜರಿಯವನಿಗೂ ಗೊತ್ತಾಗುತ್ತದೆ, ಏಕೆಂದರೆ ಅದರ ಅಣ್ಣತಮ್ಮಂದಿರು ನಮ್ಮ ದೇಶದಲ್ಲೇ ಎಷ್ಟೋ ವರ್ಷ ಟ್ಯಾಕ್ಸಿಯಾಗಿ ಓಡಿವೆ. ಹಳೇ ಕಾರು ಕೂಡಿಡುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಅಮೆರಿಕದ ಕಾರು ನೋಡಿದರೆ ಮುಂದೆ ಹಲ್ಲು, ಹಿಂದೆ ರೆಕ್ಕೆ. ಸ್ಟೀರಿಂಗು ಎಡಗಡೆ. ಮುಂದಿನ ಲಾರಿಯನ್ನು ದಾಟಬೇಕಾದರೆ ಬಲಗಡೆ ಇನ್ನೊಬ್ಬ ಕೂತು ರಸ್ತೆ ನೋಡಿ ಹೇಳಬೇಕು. ಕಾರು ಓಡಿಸಲು ಇಬ್ಬರು ಬೇಕು ಅಂದಮೇಲೆ ಅದು ಕಾರಲ್ಲ, ಆಚೀಚೆ ನಿಂತು ಎಳೆಯುವ ಗರಗಸ.

ತಿಪ್ಪಣ್ಣನ ವಾದಕ್ಕೆ ಶಾಸ್ತ್ರವಿರಲಿಲ್ಲ, ಜಾಗವಿತ್ತು. ಮಾವನವರು ಅದರ ಡಿಕ್ಕಿಯಲ್ಲಿ ಹುಣಸೆಹಣ್ಣಿನ ಮೂಟೆ ಹೊತ್ತವರು. ಬಸ್ ಬರದ ದಿನ ಗುಡಿಬಂಡೆಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ತಿಪ್ಪಣ್ಣ ಅದರಲ್ಲೇ ತುಂಬಿಕೊಂಡು ಹೋಗುತ್ತಿದ್ದ. ನಿಮ್ಮ ಇಂಗ್ಲಿಷ್ ಕಾರಿನಲ್ಲಿ ನಮ್ಮ ಅತ್ತೆಯ ಟ್ರಂಕು ಹಿಡಿಸಿದರೆ ಅತ್ತೆ ಹಿಡಿಸುವುದಿಲ್ಲ ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಜನ ನಗುತ್ತಿದ್ದರು. ನಾನು ಪಾಯಸ ಬಿಟ್ಟು ಏಳುತ್ತಿದ್ದೆ.

ಎರಡು ಕಾರುಗಳ ಸಂಸಾರವೂ ಬೇರೆ ಬೇರೆ. ತಿಪ್ಪಣ್ಣನ ಕಾರು ಹುಣಸೆಮರದ ಕೆಳಗೆ ನಿಂತಿರುತ್ತಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ನಮ್ಮದನ್ನು ಗಿರಿಜೆ ಶುಕ್ರವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ತಾನೇ ಒರೆಸುತ್ತಿದ್ದಳು. ಮಾವನವರು ಅದರಲ್ಲಿ ಅವಳಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದರು. ಆ ಕಾಲಕ್ಕೆ ಮಡಕಶಿರದ ಬೀದಿಯಲ್ಲಿ ಹುಡುಗಿಯೊಬ್ಬಳು ಕಾರು ಓಡಿಸಿದ್ದು ಸಣ್ಣ ಸಂಗತಿಯಲ್ಲ. ಕಾರಿನ ಬಾಟಲಿ ಹಸಿರು ಬಣ್ಣ ದೊರೆಯ ಕಾಲದ್ದೇ. ಮುಖ ನೋಡಿಕೊಂಡು ಕ್ರಾಪು ಬಾಚಬಹುದು, ಅಷ್ಟು ಹೊಳಪು.

ಆದರೆ ನಮ್ಮ ಮನೆ ಇರುವುದು ನನ್ನ ಜೀನ್ಸ್ ವಾಷಿಂಗ್ ಯೂನಿಟ್ಟಿನ ಅಂಗಳದಲ್ಲಿ. ಬ್ಲೀಚಿಂಗ್ ಆವಿ, ಕಲ್ಲಿನ ಧೂಳು, ನೀಲಿ ನೀರು. ಇಲ್ಲಿದ್ದರೆ ಇವತ್ತಲ್ಲ ನಾಳೆ ನಮ್ಮಪ್ಪನ ಕಾರು ಕೊಳೆಯುತ್ತದೆ ಎಂದು ಗಿರಿಜೆ ಕೊರಗುತ್ತಿದ್ದಳು. ಅಷ್ಟರಲ್ಲಿ ಬೆಂಗಳೂರಿನ ಒಬ್ಬ ಅಮ್ಮನ ವಿಷಯ ತಿಳಿಯಿತು. ಹಳೇ ಕಾರುಗಳನ್ನು ಕೂಡಿಟ್ಟು, ಪ್ರತಿಯೊಂದರ ಮುಂದೆ ಅದನ್ನು ಸಾಕಿದವರ ಹೆಸರು ಬರೆಸಿ, ಮಕ್ಕಳಂತೆ ನೋಡಿಕೊಳ್ಳುತ್ತಾರಂತೆ. ಗಿರಿಜೆ ಅವರೊಡನೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದಳು. ತಂದೆಯ ಕಾರಿಗೆ ಒಂದು ಒಳ್ಳೆಯ ಮನೆ ಸಿಗಬೇಕು, ಅದರ ಮುಂದೆ ತಂದೆಯ ಹೆಸರಿರಬೇಕು. ಅವಳು ನನ್ನನ್ನು ಮದುವೆಯಾದ ಮೇಲೆ ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದನ್ನೇ.

ಆ ಅಮ್ಮನಲ್ಲಿ ಇನ್ನೊಂದೇ ಕಾರಿಗೆ ಜಾಗವಿತ್ತು. ಈ ಸುದ್ದಿ ಮಡಕಶಿರಕ್ಕೆ ಹೇಗೆ ಮುಟ್ಟಿತೋ! ನಮ್ಮದನ್ನೂ ನೋಡಿಬಿಡಲಿ ಎಂದ ತಿಪ್ಪಣ್ಣ. ಮೊದಲು ಮಡಕಶಿರ, ಮರುದಿನ ರಾಯದುರ್ಗ ಎಂದು ಗೊತ್ತಾಯಿತು. ಗಿರಿಜೆ ಅವರನ್ನು ಕರೆತರಲು ತಂಗಿಯ ಮನೆಗೆ ಹೊರಟಳು. ಹೊರಡುವಾಗ ಕಾರಿನ ಮೇಲೆ ಹಳೇ ಸೀರೆ ಹೊದಿಸಿ, ನನ್ನ ಕಡೆ ತಿರುಗಿ ಹೇಳಿದಳು:

“ರೀ, ನಾನ್ ಬರೋಗಂಟ ಕಾರ್‌ನ ಮುಟ್ಬ್ಯಾಡಿ. ಒರ್ಸೋದೂ ಬ್ಯಾಡ. ಹೆಂಗೈತೋ ಹಂಗೇ ಇರ್ಲಿ.”

ಇದಕ್ಕಿಂತ ಸುಲಭವಾದ ಕನ್ನಡವನ್ನು ನಾನು ಕೇಳಿಲ್ಲ. ಆದರೂ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ತಿಪ್ಪಣ್ಣನ ಫೋನು. ದನಿಯಲ್ಲಿ ಬೆಲ್ಲ. “ಅಣ್ಣ, ಆಯಮ್ಮ ನಮ್ ಅಮೆರಿಕಾನ ನೋಡಿ ಅಂಗೇ ನಿಂತ್ಬುಟ್ರು. ಇದ್ರ ವಯಸ್ಸು ಮೈಮ್ಯಾಲೇ ಕಾಣ್ತೈತೆ ಅಂದ್ರು. ಹೊಸ್ದಾಗಿ ಬಣ್ಣ ಬಳ್ದಿರೋ ಕಾರ್‌ನ ಕಣ್ಣೆತ್ತೂ ನೋಡಲ್ವಂತೆ. ನಿಮ್ದು ಮಿರಮಿರ ಅಂತೈತಲ್ಲ, ಏನ್ ಮಾಡ್ತೀಯೋ ಪಾಪ.”

ಪಾಪವಂತೆ! ಈ ಪಾಪ ಎನ್ನುವ ಮಾತಿಗೆ ನನ್ನ ನೆತ್ತಿ ಕಾದುಹೋಯಿತು. ಸೀರೆ ತೆಗೆದು ಕಾರನ್ನು ನೋಡಿದೆ. ಅಯ್ಯೋ, ನಿಜ. ಮದುಮಗನ ಹಾಗೆ ಹೊಳೆಯುತ್ತಿತ್ತು. ನೋಡಿದವರು ನಿನ್ನೆಯೇ ಬಣ್ಣ ಹೊಡೆಸಿದ್ದು ಎನ್ನಬೇಕು. ಕೋಳಿ ಹೇತ ಕಾರು ಗೆಲ್ಲುವುದು, ವಾರವಾರ ಒರೆಸಿದ ಕಾರು ಸೋಲುವುದು! ಇದು ಯಾವ ನ್ಯಾಯ?

ಇಲ್ಲಿ ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ಈ ಪ್ರಪಂಚದಲ್ಲಿ ಹೊಸ ಪ್ಯಾಂಟು ಯಾರಿಗೂ ಬೇಡ. ಹೊಸ ಪ್ಯಾಂಟನ್ನು ಹಳೆಯದಾಗಿ ಮಾಡಿಕೊಡಬೇಕು, ಆಗ ಹಲ್ಲು ಕಿರಿದು ಕೊಳ್ಳುತ್ತಾರೆ. ನಮ್ಮ ಊರು ಅನ್ನ ತಿನ್ನುವುದು ಅದರಿಂದಲೇ. ಕಲ್ಲಿನ ಜೊತೆ ಡ್ರಮ್ಮಿಗೆ ಹಾಕಿ ತಿರುಗಿಸುತ್ತೇವೆ, ಎಮೆರಿ ಪೇಪರಿನಲ್ಲಿ ಉಜ್ಜುತ್ತೇವೆ, ಔಷಧಿ ಸಿಂಪಡಿಸುತ್ತೇವೆ, ಮೊಣಕಾಲಲ್ಲಿ ಹರಿಯುತ್ತೇವೆ. ತೊಡೆಯ ಮೇಲೆ ಬೆಕ್ಕಿನ ಮೀಸೆಯ ಹಾಗೆ ಬಿಳಿ ಗೆರೆ ಬರಿಸುತ್ತೇವೆ, ನಮ್ಮಲ್ಲಿ ಅದರ ಹೆಸರೇ ಮೀಸೆ. ಹತ್ತು ವರ್ಷದ ಸವಕಳಿಯನ್ನು ಊಟದ ಹೊತ್ತಿಗೆ ಮುಗಿಸಿ ಕೊಡುವ ಮನುಷ್ಯ ನಾನು. ನನ್ನ ಅಂಗಳದಲ್ಲೇ ನಿಂತ ಕಾರಿಗೆ ವಯಸ್ಸಿಲ್ಲ ಎಂದರೆ ನನ್ನ ಕಸುಬಿಗೇ ಅವಮಾನ!

ಹುಸೇನ್ ಸಾಬರನ್ನು ಕರೆದೆ. ಮೀಸೆ ಬರಿಸುವುದರಲ್ಲಿ ನಮ್ಮ ಯೂನಿಟ್ಟಿನ ಹಿರಿಯ ಕೈ. ಸೂರತ್ತಿಗೆ ಹೋಗಿ, ಬಳ್ಳಾರಿಯಲ್ಲಿ ಇದ್ದು, ಬೇಸತ್ತು ವಾಪಸು ಬಂದವರು. ಅವರೂ ನನ್ನನ್ನು ತಡೆಯಲಿಲ್ಲ, ಅದಕ್ಕೂ ನನಗೆ ಸಿಟ್ಟಿದೆ. ಬಾನೆಟ್ಟನ್ನು ಕೈಯಿಂದ ಸವರಿ, “ಬಟ್ಟಿಗಿಂತ ನುಣುಪು ಐತ್ರಿ ಸಾವ್ಕಾರ್ರ. ಮಸ್ತ್ ಬರ್ತೈತಿ,” ಅಂದರು.

ಮೊದಲು ಸೀಮೆಎಣ್ಣೆಯಲ್ಲಿ ಹೊಳಪು ತೆಗೆದೆವು. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ನಾನು ಮನುಷ್ಯರ ಸಾಲಿನಲ್ಲಿ ಇರುತ್ತಿದ್ದೆ. ಆದರೆ ಕಸುಬುದಾರನಿಗೆ ನಿಲ್ಲಿಸುವುದು ಎಲ್ಲಿ ಗೊತ್ತು? ಬಾಗಿಲ ಹಿಡಿಯ ಹತ್ತಿರ, ಕೈ ತಾಗುವ ಕಡೆ, ಎಮೆರಿ ಪೇಪರಿನಿಂದ ಸ್ವಲ್ಪ ಉಜ್ಜಿದೆವು. ಬಹಳ ಸಹಜವಾಗಿ ಬಂತು. ಒಂದು ಬಾಗಿಲು ಸವೆದು ಇನ್ನೊಂದು ಸವೆಯದಿದ್ದರೆ ಅನುಮಾನ ಬರುತ್ತದೆಂದು ನಾಲ್ಕನ್ನೂ ಉಜ್ಜಿದೆವು. ಬಾಗಿಲೆಲ್ಲ ಮುದಿಯಾದ ಮೇಲೆ ಬಾನೆಟ್ಟು ಮಾತ್ರ ಹದಿನಾರರ ಹರೆಯದಲ್ಲಿ ನಿಂತಿತು. ಅದಕ್ಕೆ ಹುಸೇನ್ ಸಾಬರು ಮೀಸೆ ಬರಿಸಿದರು. ಎಡಕ್ಕೆ ಒಂದಷ್ಟು, ಬಲಕ್ಕೆ ಒಂದಷ್ಟು. ದೂರ ನಿಂತು ನೋಡಿ ಇಬ್ಬರೂ ತಲೆದೂಗಿದೆವು.

ಆಮೇಲೆ ಔಷಧಿ. ಪ್ಯಾಂಟಿನ ಮೇಲೆ ಸಿಂಪಡಿಸಿದರೆ ಮೊದಲು ನೇರಳೆಯಾಗಿ, ತೊಳೆದರೆ ಚೆಂದವಾಗಿ ಬೆಳ್ಳಗಾಗುವ ಅದೇ ಔಷಧಿ. ಕಾರಿನ ಮೇಲೆ ಅದು ನೇರಳೆಯಾಯಿತು. ತೊಳೆದರೆ ಕಂದಾಯಿತು. ಮತ್ತೆ ತೊಳೆದರೆ ಎಲೆ ಅಡಿಕೆ ಉಗುಳಿದ ಗೋಡೆಯಂತಾಯಿತು. ಅದನ್ನು ಹೋಗಲಾಡಿಸಲು ಬ್ಲೀಚಿಂಗ್ ನೀರು ಹೊಡೆದೆವು. ಮಾವನವರು ಬಂಗಾರದಂತೆ ಕಾಪಾಡಿದ ಬಂಪರಿನ ಬೆಳ್ಳಿ ಹೊಳಪು ನಮ್ಮ ಕಣ್ಣೆದುರಿಗೇ ಮಂಕಾಯಿತು.

ಟಾಪ್ ಉಳಿದಿತ್ತು. ಕಾರನ್ನು ಡ್ರಮ್ಮಿಗೆ ಹಾಕಲು ಆಗುವುದಿಲ್ಲವಲ್ಲ. ಅದಕ್ಕೆ ವಾಷಿಂಗಿಗೆ ಬಳಸುವ ಹಗುರ ಕಲ್ಲುಗಳನ್ನು ಒದ್ದೆ ಗೋಣಿಚೀಲದಲ್ಲಿ ತುಂಬಿ, ಆಚೆ ಹುಸೇನ್ ಸಾಬರು, ಈಚೆ ನಾನು, ಹಿಡಿದು ಎಳೆದಾಡಿದೆವು. ಗರಗಸ ಎಂದು ನಾನು ಯಾವ ಬಾಯಿಂದ ಅಮೆರಿಕವನ್ನು ಹಂಗಿಸಿದ್ದೆನೋ! ಹಸಿರು ಹೋಯಿತು, ಕೆಳಗಿನ ಕೆಂಪು ಹೋಯಿತು, ತಗಡು ಬಂತು.

ಕೊನೆಗೆ ಹುಸೇನ್ ಸಾಬರು ಒಳಗಿನ ಚರ್ಮದ ಸೀಟು ನೋಡಿ, ಒಂದು ಕಡೆ ಹರಿಯೋಣವೇ ಎಂದು ಕೇಳಿದರು. ಒಂದೇ ಕಡೆ, ಸಣ್ಣದಾಗಿ, ಎಂದೆ. ನಾನೂ ಒಂದು ಮಿತಿ ಇಟ್ಟುಕೊಂಡವನೇ. ಬ್ಲೇಡು ತಾಗಿದ್ದೇ ತಡ, ಅಷ್ಟು ವರ್ಷ ದೊರೆಗಳ ಭಾರ ತಾಳಿದ ಸ್ಪ್ರಿಂಗು ಹೊರಗೆ ನೆಗೆದು ನನ್ನ ಅಂಗಿಯ ಗುಂಡಿ ಕಿತ್ತುಕೊಂಡಿತು.

ಮರುದಿನ ಬೆಳಿಗ್ಗೆ ನೋಡಿದರೆ ತಗಡು ಕಂಡ ಕಡೆಯೆಲ್ಲ ಕೇಸರಿ ಬಣ್ಣದ ತುಕ್ಕು. ನಾನು ಹೆದರಲಿಲ್ಲ. ಹೆದರಬೇಕಿತ್ತು. ಆಹಾ, ದೇವರೇ ಫಿನಿಶಿಂಗ್ ಕೊಟ್ಟಿದ್ದಾನೆ ಎಂದುಕೊಂಡು ಕಾರಿಗೆ ಮತ್ತೆ ಸೀರೆ ಹೊದಿಸಿ, ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತೆ.

ಊಟದ ಹೊತ್ತಿಗೆ ಬಂದರು. ಬೆಂಗಳೂರಿನ ಅಮ್ಮ, ಗಿರಿಜೆ, ಹಿಂದಿನ ಸೀಟಿನಲ್ಲಿ ಕರೆಯದೆ ಬಂದ ತಿಪ್ಪಣ್ಣ. ಅಮ್ಮ ನರೆತ ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಿದ್ದ, ಹತ್ತಿ ಸೀರೆಯ ಹೆಂಗಸು. ಕೈಕಾಲು ತೊಳೆಯಲು ನೀರು ಕೊಟ್ಟರೆ, ಮೊದಲು ಕಾರು ತೋರಿಸಿ, ದಾರಿಯುದ್ದಕ್ಕೂ ನಿಮ್ಮ ಮನೆಯವರು ಅದರ ಮಾತೇ ಆಡಿದ್ದಾರೆ ಎಂದು ನಕ್ಕರು. ಗಿರಿಜೆಯ ಮುಖ ಹಬ್ಬದ ದಿನದ ಹಾಗಿತ್ತು. ನಾನು ಮಂತ್ರಿಗಳು ಪರದೆ ಸರಿಸುವ ಠೀವಿಯಲ್ಲಿ ಸೀರೆ ಸರಿಸಿದೆ.

ತಿಪ್ಪಣ್ಣ ಹಲ್ಲು ಕಿರಿಯುತ್ತಾನೆಂದು ನೋಡಿದರೆ ಅವನು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದ.

ಏನಾದರೂ ಆಕ್ಸಿಡೆಂಟ್ ಆಗಿತ್ತೇ ಎಂದು ಅಮ್ಮ ಕೇಳಿದರು. ಇಲ್ಲಮ್ಮ, ಅದು ವಯಸ್ಸು, ಎಂದೆ. ಅವರು ಬಾನೆಟ್ಟಿನ ಮೇಲೆ ಬೆರಳಾಡಿಸಿದರು. ಬೆರಳನ್ನು ಮೂಗಿಗೆ ಹಿಡಿದರು.

“ವಯಸ್ಸಿಗೆ ಬ್ಲೀಚಿಂಗ್ ಪೌಡರ್ ವಾಸನೆ ಇರುತ್ತಾ?”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೊಸದಾಗಿ ಕಾಣುವ ಕಾರು ನಿಮಗೆ ಬೇಡವಂತೆ, ಅದಕ್ಕೇ ನಮ್ಮ ಕಸುಬಿನ ಪ್ರಕಾರ ಸ್ವಲ್ಪ ಹಳೆಯದು ಮಾಡಿಸಿದೆ ಎಂದು ವಿವರಿಸಿದೆ. ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು, ಅದರಲ್ಲಿ ನನಗೆ ಅಭ್ಯಾಸವಿದೆ. ಅವರು ಶಾಲೆಯ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಅಮೆರಿಕದ ದೊಡ್ಡ ಕಾರು ಅಪರೂಪ, ಜನ ಬಾಯಿಬಿಟ್ಟು ನೋಡುತ್ತಾರೆ. ಇಂಗ್ಲೆಂಡಿನ ಚಿಕ್ಕ ಕಾರು ಅಷ್ಟು ಅಪರೂಪವಲ್ಲ. ಆದರೆ ಅವೆಲ್ಲಕ್ಕೂ ಯಾರಾದರೂ ಒಬ್ಬರು ಮತ್ತೆ ಬಣ್ಣ ಹೊಡೆಸಿಬಿಟ್ಟಿರುತ್ತಾರೆ. “ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಹಾಗೇ ಉಳಿದಿರೋ ಒಂದು ಕಾರಿಗಾಗಿ ಎಷ್ಟೋ ವರ್ಷದಿಂದ ಹುಡುಕ್ತಿದ್ದೆ. ನಾನು ಬಂದದ್ದೇ ಇದಕ್ಕೆ. ಅಮೆರಿಕದ ಕಾರನ್ನ ದಾರೀಲಿ ನೋಡಿದ್ದು ಅಷ್ಟೆ.”

ಗಿರಿಜೆ ಕಾರನ್ನು ಒಂದು ಸುತ್ತು ಬಂದಳು. ಬಾಗಿಲು ತೆಗೆದು, ಸ್ಪ್ರಿಂಗಿನ ಪಕ್ಕದಲ್ಲೇ ಜಾಗ ಮಾಡಿಕೊಂಡು ಸ್ಟೀರಿಂಗ್ ಹಿಡಿದು ಕೂತಳು. ಅವಳು ಅಳುತ್ತಿದ್ದಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿ ಎಂದು ಆಸೆಪಟ್ಟೆ.

“ಅಪ್ಪ ಹೋದಾಗ ಕಾರಾದ್ರೂ ಐತಲ್ಲ ಅಂದ್ಕೊಂಡಿದ್ದೆ,” ಅಂದಳು.

ಆಗ ನನಗೆ ಬಂದಂಥ ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಫೋನು ಮಾಡಿದ ತಿಪ್ಪಣ್ಣನ ಮೇಲೆ ಹಾಯ್ದೆ. ನೀನೇ ಹೇಳಿದ್ದಲ್ಲವೇನೋ, ಹೊಸ ಬಣ್ಣ ಬೇಡ ಅಂತ! ಅವನು ಕೈಮುಗಿದ. ಹೊಸ ಬಣ್ಣ ಬಳಿದದ್ದು ಬೇಡ ಅಂದೆ ಅಣ್ಣ, ಹಳೇ ಬಣ್ಣ ಕೆರೆದದ್ದು ಬೇಕು ಅನ್ನಲಿಲ್ಲ ಎಂದ. ಮಾತು ಸರಿಯಾಗಿತ್ತು. ಷಡ್ಡಕನ ಮಾತು ಸರಿಯಾಗಿರುವುದಕ್ಕಿಂತ ದೊಡ್ಡ ಶಿಕ್ಷೆ ಗಂಡಸಿಗೆ ಇಲ್ಲ. ಹರಿದ ಪ್ಯಾಂಟಿಗೆ ಮುಗಿಬೀಳುವ ಪ್ರಪಂಚದ ಮೇಲೆ, ಇಂಗ್ಲೆಂಡಿನ ಮೇಲೆ, ಅಮೆರಿಕದ ಮೇಲೆ, ಸರದಿಯಂತೆ ಸಿಟ್ಟು ಮಾಡಿಕೊಂಡೆ. ಹುಸೇನ್ ಸಾಬರನ್ನು ಬಯ್ಯೋಣವೆಂದು ನೋಡಿದರೆ ಅವರು ಅವತ್ತು ರಜೆ ಹಾಕಿದ್ದರು. ಸುತ್ತಿ ಬಳಸಿ ಸಿಟ್ಟು ಮನೆಗೇ ವಾಪಸು ಬಂತು.

ಅಮೆರಿಕದ ಕಾರು ಬೆಂಗಳೂರಿಗೆ ಹೋಯಿತು. ತಿಪ್ಪಣ್ಣ ಏನೂ ಮಾಡಲಿಲ್ಲ. ತೊಳೆಯಲೂ ಇಲ್ಲ. ಏನೂ ಮಾಡದೆ ಗೆದ್ದ! ಅದರ ಮುಂದೆ ಮಾವನವರ ಹೆಸರು ಬರೆಸಿದ ಫೋಟೋ ಬಂದಾಗ ಗಿರಿಜೆ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಚೆನ್ನಾಗಿದೆ ಎಂದಳು. ತಂಗಿಯ ಕಾರಿಗೆ ಸಿಕ್ಕ ಮನೆ ನೋಡಿ ಅವಳು ಸಂತೋಷಪಟ್ಟದ್ದು ನಿಜ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಬಳ್ಳಾರಿಯಲ್ಲಿ ಅದೇ ಹಸಿರು ಹೊಡೆಸಿ ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಅಂಗಲಾಚಿದೆ. ಬೇಡ ಎಂದಳು. ಯಾಕೆ ಎಂದರೆ, “ಅಪ್ಪನ್ ಬಣ್ಣ ಹೋತು. ಈಗಿರೋದು ನಿಮ್ದು. ಇರ್ಲಿ, ಎಲ್ರೂ ನೋಡ್ಲಿ,” ಅಂದಳು. ಸೀಟಿಗೆ ಒಂದು ದಿಂಬು ಹಾಕಿ, ಸೆರಗು ಸಿಕ್ಕಿಸಿ, ಕಾರು ಹೊರಗೆ ತೆಗೆದಳು. ಅಂದಿನಿಂದ ಸಂತೆಗೆ, ಬ್ಯಾಂಕಿಗೆ, ಬೆಳುಗುಪ್ಪದ ನೆಂಟರ ಮನೆಗೆ, ಎಲ್ಲಿಗೆ ಹೋದರೂ ಅದರಲ್ಲೇ. ಪಕ್ಕದ ಸೀಟಿನಲ್ಲಿ ನಾನು ಕಡ್ಡಾಯವಾಗಿ ಇರಬೇಕು. ಯಾರು ಮಾಡಿದ್ದು ಎಂದು ಕೇಳಿದವರಿಗೆ ತೋರಿಸಲು ಮನುಷ್ಯ ಬೇಕಲ್ಲ.

ಮೊನ್ನೆ ಸಂತೆಯ ಹತ್ತಿರ ಬಳ್ಳಾರಿಯ ಜೀನ್ಸ್ ವ್ಯಾಪಾರಿ ಸಿಕ್ಕರು. ನನ್ನ ಮಾಲನ್ನು ಬಹಳ ವರ್ಷದಿಂದ ಕೊಳ್ಳುವವರು, ಪ್ಯಾಂಟಿನ ತೊಡೆಯ ಮೇಲೆ ಕೈಯಾಡಿಸಿದರೆ ಯಾವ ಯೂನಿಟ್ಟಿನದೆಂದು ಹೇಳುವಷ್ಟು ಪಳಗಿದವರು. ಕಾರನ್ನು ಕಂಡು ನಿಂತರು. ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಒಂದು ಕಣ್ಣು ಮುಚ್ಚಿ ಎಡಗಡೆ ನೋಡಿದರು, ಬಲಗಡೆ ನೋಡಿದರು. ನಾನು ಕಿಟಕಿಯ ಗಾಜು ಏರಿಸೋಣವೆಂದು ಹಿಡಿ ತಿರುಗಿಸಿದೆ. ಅದು ಏರಲಿಲ್ಲ.

“ಮೀಸಿ ಒಂದ್ ಕಡಿ ಮ್ಯಾಲ, ಒಂದ್ ಕಡಿ ಕೆಳಗ ಬಂದಾವಲ್ರಿ,” ಎಂದು ಅವರು ಗಿರಿಜೆಗೆ ಹೇಳಿದರು. “ಪ್ಯಾಂಟಾಗಿದ್ರ ನಾ ಇದನ್ನ ವಾಪಸ್ ಕಳಸ್ತಿದ್ದೆ ನೋಡ್ರಿ ಅಕ್ಕಾರ.”

ಗಿರಿಜೆ ಗೇರು ಹಾಕುತ್ತ ನನ್ನ ಕಡೆ ಒಮ್ಮೆ ನೋಡಿದಳು.

“ನಾನೂ ಕಳಿಸ್ತಿದ್ದೆ ಅಣ್ಣ,” ಅಂದಳು. “ವಾಪಸ್ ತಗೊಳ್ಳೋರು ಯಾರೂ ಇಲ್ಲ.”